ಬೀಗದಮ್ಮನ ಒಂದು ದೊಡ್ಡ ಪದ

ನನ್ನ ಸೋದರತ್ತೆಗೆ ಕಚೇರಿಯಲ್ಲಿ ಬೀಗದಮ್ಮ ಎಂದು ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬೀಗದಮ್ಮ. ಅವಳಿಗೆ ಇದು ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಳು. ಸುಮ್ಮನಿರುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು. ಅವಳ ಕಥೆಯನ್ನು ನಾನು ನ್ಯಾಯವಾಗಿ ಹೇಳುತ್ತೇನೆಂದು ಯಾರೂ ನಂಬಬೇಡಿ. ನಾನು ಅತ್ತೆಯ ಕಡೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಊರಿಗೆ ನೀರು ಬಿಡುವ ಕಚೇರಿ ಅದು. ನೀರಿನ ಕಚೇರಿಯಲ್ಲಿ ಎಂಥ ಗುಟ್ಟು ಎಂದು ಮೂಗು ಮುರಿಯುವವರು ಒಂದು ದಿನ ಅಲ್ಲಿ ಕೂತು ನೋಡಬೇಕು. ಯಾವ ಬೀದಿಗೆ ಎಷ್ಟು ಹೊತ್ತು ನೀರು, ಪೈಪಿನ ಕೆಲಸ ಯಾವ ಕಂಟ್ರಾಕ್ಟರಿಗೆ, ಯಾರಿಗೆ ವರ್ಗ, ಯಾರ ಮೇಲೆ ಮೂಗರ್ಜಿ, ಎಲ್ಲವೂ ಗುಟ್ಟು. ಮಹಡಿಯ ಕೊನೆಯಲ್ಲಿ ಒಂದು ಸಣ್ಣ ಕೋಣೆ. ಬಾಗಿಲ ಮೇಲೆ ಕಾನ್ಫಿಡೆನ್ಶಿಯಲ್ ಸೆಕ್ಷನ್ ಎಂಬ ಹಲಗೆ. ಸೆಕ್ಷನ್ ಎಂದರೆ ನನ್ನ ಅತ್ತೆ ಒಬ್ಬಳೇ. ಒಂದು ಟೈಪ್‌ರೈಟರು, ಒಂದು ಸ್ಟೀಲ್ ಬೀರು, ಕವರಿಗೆ ಮುದ್ರೆ ಒತ್ತಲು ಅರಗಿನ ಕಡ್ಡಿ ಮತ್ತು ಮೇಣದಬತ್ತಿ, ಹಿತ್ತಲಿನ ತುಕ್ಕು ಹಿಡಿದ ಪೈಪುಗಳ ಕಡೆ ತೆರೆಯುವ ಕಿಟಕಿ, ಮೂಲೆಯಲ್ಲಿ ಒಂದು ತಗಡಿನ ಡಬ್ಬ. ಗುಟ್ಟಿನ ಕಾಗದ ಟೈಪ್ ಮಾಡಿದ ಮೇಲೆ ಅದರ ಕಾರ್ಬನ್ ಹಾಳೆಯನ್ನು ಆ ಡಬ್ಬದಲ್ಲಿ ಸುಡಬೇಕು. ಒಮ್ಮೆ ಬಳಸಿದ ಹೊಸ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಟೈಪ್ ಮಾಡಿದ್ದೆಲ್ಲ ಅಕ್ಷರ ಅಕ್ಷರವಾಗಿ ಕಾಣುತ್ತದೆ, ಅದಕ್ಕೆ.

ಅತ್ತೆ ಮದುವೆಯಾಗಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಮಂಚ, ನನ್ನದೊಂದು ಮಂಚ. ಕಚೇರಿಯ ಒಂದು ಮಾತು ಮನೆಯ ಹೊಸ್ತಿಲು ದಾಟಿ ಬಂದದ್ದಿಲ್ಲ. "ನಿಮ್ಮತ್ತೇನ ಮಧ್ಯಾಹ್ನ ಏನು ತಿಂದೆ ಅಂತ ಕೇಳು, ಅದಕ್ಕೂ ಮೇಲಿನವರ ಪರ್ಮಿಶನ್ ಬೇಕು ಅಂತಾಳೆ" ಎಂದು ನಮ್ಮಮ್ಮ ಕೆಣಕುತ್ತಿದ್ದಳು. ಅತ್ತೆ ನಕ್ಕು ತಟ್ಟೆ ತೊಳೆಯಲು ಏಳುತ್ತಿದ್ದಳು.

ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ, ಸೂಪರಿಂಟೆಂಡೆಂಟ್ ಕುರ್ಚಿ. ಅದಕ್ಕೆ ಕೈ ಇತ್ತು. ಅತ್ತೆಯ ಕುರ್ಚಿಗೆ ಕೈ ಇರಲಿಲ್ಲ. ಅದರ ಮುಂದಿನ ಮೇಜಿಗೆ ಗಾಜು ಹಾಸಿತ್ತು, ಅದರಲ್ಲಿ ಕೂತವರು ಬೇರೆಯವರು ಬರೆದ ಕರಡಿನ ಅಂಚಿನಲ್ಲಿ ಸಣ್ಣದಾಗಿ ಸಹಿ ಹಾಕುತ್ತಿದ್ದರು. ಅತ್ತೆ ಇಲಾಖೆಯ ಪರೀಕ್ಷೆಗಳನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದಳು. ಹಳೇ ಲಕೋಟೆಗಳ ಹಿಂದೆ ಆ ಸಣ್ಣ ಸಹಿಯನ್ನು ಅಭ್ಯಾಸ ಮಾಡಿದ್ದನ್ನು ನಾನೇ ನೋಡಿದ್ದೇನೆ. ಇಷ್ಟು ಆಸೆ ಪಡುವ ಹೆಂಗಸು ಬೇರೆ ಯಾವುದಕ್ಕೂ ಆಸೆ ಪಟ್ಟದ್ದು ನನಗೆ ಗೊತ್ತಿಲ್ಲ.

ಆಗ ಬಂದ ಹಸಿರಿಂಕು. ಕಚೇರಿಯ ದೊಡ್ಡ ಸಾಹೇಬ. ಹಸಿರು ಶಾಯಿಯಲ್ಲಿ ಬರೆಯುವ ಅಧಿಕಾರ ಇದ್ದವರು ಬೇಕಾದಷ್ಟು ಜನ ಇದ್ದರು; ಆತ ಮಾತ್ರ ಧೋಬಿಯ ಪಟ್ಟಿಯನ್ನೂ ಹಸಿರಿನಲ್ಲೇ ಬರೆಯುತ್ತಿದ್ದ, ಹಾಗಾಗಿ ಆ ಹೆಸರು. ಸಾಮಾನ್ಯವಾಗಿ ಸಾಹೇಬರುಗಳು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಈತ ಮೇಲಿನವರ ಕೈಕಾಲು ಹಿಡಿದು ಹನ್ನೊಂದು ವರ್ಷ ಅಲ್ಲೇ ಬೇರು ಬಿಟ್ಟ.

ಆತ ಬಂದ ಮೊದಲ ವರ್ಷವೇ ಆತನ ಮೇಲೆ ಒಂದು ಮೂಗರ್ಜಿ ಹೋಯಿತು. ಕಚೇರಿಯ ಜೀಪಿನಲ್ಲಿ ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುತ್ತಾರೆ ಎಂದು. ಟೈಪ್ ಮಾಡಿದ ಅರ್ಜಿ, ಕೆಳಗೆ ಹೆಸರಿಲ್ಲ. ಅದರ ಪ್ರತಿ ಆತನ ಕೈಗೇ ವಾಪಸು ಬಂತು. ಆತ ಅದನ್ನು ಅತ್ತೆಯ ಮೇಜಿನ ಮೇಲೆ ಹರಡಿ ಕೇಳಿದ: "ಇದು ಯಾವ ಮಿಷಿನ್ದು? ನಿಮಗೆ ಗೊತ್ತಾಗುತ್ತೆ."

ಅತ್ತೆಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಒಂದು ಅಕ್ಷರ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಕೂರುತ್ತಿತ್ತು, ಅದು ನಕ್ಷೆ ವಿಭಾಗದ ಮಿಷಿನ್ನು. ಅದನ್ನು ಯಾರು ಟೈಪ್ ಮಾಡಿದ್ದಾರೆಂಬುದೂ ಗೊತ್ತಾಗಿತ್ತು. ಅವರಿಗೆ ಮೂರು ಮಕ್ಕಳು.

"ಗೊತ್ತಿಲ್ಲ ಸಾರ್" ಎಂದಳು.

ಮೂರು ದಿನ ಕೇಳಿದ. ಕೂರಿಸಿ ಕೇಳಿದ, ಟೀ ತರಿಸಿ ಕೇಳಿದ, ಬಾಗಿಲು ಹಾಕಿ ಕೇಳಿದ. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕನೇ ದಿನ ಆತ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ" ಎಂದು ಹೊರಟುಹೋದ.

ವರ್ಷಕ್ಕೊಮ್ಮೆ ಸಾಹೇಬರು ಪ್ರತಿಯೊಬ್ಬ ನೌಕರನ ಬಗ್ಗೆ ಗುಪ್ತ ವರದಿ ಬರೆದು ಮೇಲಕ್ಕೆ ಕಳಿಸಬೇಕು. ಕಾನ್ಫಿಡೆನ್ಶಿಯಲ್ ರಿಪೋರ್ಟು, ಎಲ್ಲರ ಬಾಯಲ್ಲಿ ಸಿ.ಆರ್. ಯಾರಿಗೆ ಬಡ್ತಿ ಎಂದು ತೀರ್ಮಾನವಾಗುವುದೇ ಅದರಿಂದ. ಎಲ್ಲರ ವರದಿಯನ್ನೂ ಟೈಪ್ ಮಾಡುತ್ತಿದ್ದವಳು ಅತ್ತೆ. ಅವಳದನ್ನು ಮಾತ್ರ, ಅವಳು ಊಟಕ್ಕೆ ಹೋದಾಗ, ಹಸಿರಿಂಕು ತಾನೇ ಬಂದು ಅವಳ ಮಿಷಿನ್ನಿನಲ್ಲಿ ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ, ಕುಟ್ಟುತ್ತಿದ್ದ. ಕಾರ್ಬನ್ನನ್ನು ಡಬ್ಬಕ್ಕೆ ಹಾಕಿ ಹೋಗುತ್ತಿದ್ದ. ಅತ್ತೆ ಬಂದು, ತನ್ನ ಹಣೆಬರಹದ ಆ ಹಾಳೆಯನ್ನು ತಿರುಗಿಸಿಯೂ ನೋಡದೆ ಕಡ್ಡಿ ಗೀರುತ್ತಿದ್ದಳು. ನಾನಾಗಿದ್ದರೆ ಮೊದಲ ವರ್ಷವೇ ನೋಡಿರುತ್ತಿದ್ದೆ. ನೀವೂ ನೋಡಿರುತ್ತಿದ್ದಿರಿ.

ಸೂಪರಿಂಟೆಂಡೆಂಟ್ ಕುರ್ಚಿ ಒಂದು ಸಲ ಖಾಲಿಯಾಯಿತು, ಬೇರೆಯವರಿಗೆ ಹೋಯಿತು. ಎರಡನೇ ಸಲ ಖಾಲಿಯಾಯಿತು, ಮತ್ತೊಬ್ಬರಿಗೆ ಹೋಯಿತು. ಮೂರನೇ ಸಲ ಅದು ಬಿಸ್ಕತ್ತಿಗೆ ಹೋಯಿತು. ಬಿಸ್ಕತ್ತು ಎಂದರೆ ಸಾಹೇಬರ ಟೀ ಜೊತೆಗೆ ದಿನಾ ಬಿಸ್ಕತ್ತು ತಂದಿಡುತ್ತಿದ್ದ ಗುಮಾಸ್ತ. ಅಲ್ಪವಿರಾಮದ ನಂತರ ಜಾಗ ಬಿಡಬೇಕೆಂದು ಅವನಿಗೆ ಹೇಳಿಕೊಟ್ಟವಳೇ ಅತ್ತೆ. ಅವನ ಬಡ್ತಿಯ ಆದೇಶ ಗುಟ್ಟಿನ ಕಾಗದವಾದ್ದರಿಂದ ಅದನ್ನು ಟೈಪ್ ಮಾಡಿದವಳೂ ಅವಳೇ. ಒಂದು ತಪ್ಪಿಲ್ಲದೆ ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಅರಗಿನ ಮುದ್ರೆ ಒತ್ತಿ ಕಳಿಸಿದಳು. ಅವತ್ತು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಕೂತಿದ್ದಳು. ಏನಾಯ್ತು ಅತ್ತೆ ಎಂದರೆ ಏನಿಲ್ಲ ಎಂದಳು. ಬಿಸ್ಕತ್ತು ಹಂಚಿದ ಸಿಹಿ ಪೊಟ್ಟಣ ಅವಳ ಚೀಲದಲ್ಲೇ ಇತ್ತು, ಇರುವೆ ಮುತ್ತಿದ ಮೇಲೆ ಅಮ್ಮ ಹುಡುಕಿ ತೆಗೆದು ಬಿಸಾಕಿದಳು.

ಆ ವರ್ಷ, ಅಂದರೆ ಹಸಿರಿಂಕು ಬಂದ ಎಂಟನೇ ವರ್ಷ, ಅತ್ತೆ ಕಡ್ಡಿ ಗೀರುವ ಮೊದಲು ಕಾರ್ಬನ್ನನ್ನು ಕಿಟಕಿಗೆ ಹಿಡಿದಳು. ಅವಳ ಇಡೀ ನೌಕರಿಯಲ್ಲಿ ಅವಳು ಮುರಿದ ಒಂದೇ ನಿಯಮ ಅದು. ಎರಡು ಬೆರಳಿನ ಕುಟ್ಟಾಟದಲ್ಲಿ ಅಕ್ಷರಗಳು ಆಳವಾಗಿ ಬಿದ್ದಿದ್ದವು. ಕೆಲಸ: ಚೆನ್ನಾಗಿದೆ. ಹಾಜರಿ: ಚೆನ್ನಾಗಿದೆ. ಸ್ವಭಾವ ಎಂಬ ಕಡೆ ಒಂದೇ ಇಂಗ್ಲಿಷ್ ಪದ. ಸೀಕ್ರೆಟಿವ್.

ಅವಳಿಗೆ ಆ ಪದ ಗೊತ್ತಿರಲಿಲ್ಲ. ಸೀಕ್ರೆಟ್ ಗೊತ್ತಿತ್ತು, ಟಾಪ್ ಸೀಕ್ರೆಟ್ ಗೊತ್ತಿತ್ತು, ಸೆಕ್ರೆಟರಿ ಗೊತ್ತಿತ್ತು. ಈ ಬಾಲ ಹೊಸದು. ಸಾಹೇಬರ ಮೇಜಿನ ಮೇಲೆ ಒಂದು ದಪ್ಪ ಡಿಕ್ಷನರಿ ಇತ್ತು, ಫ್ಯಾನಿನ ಗಾಳಿಗೆ ಕಾಗದ ಹಾರಬಾರದೆಂದು ಆತ ಅದನ್ನು ಅಲ್ಲಿಟ್ಟಿದ್ದ. ಆತ ಮೀಟಿಂಗಿಗೆ ಹೋದಾಗ ಅತ್ತೆ ತೆಗೆದು ನೋಡಿದಳು. ಮನಸ್ಸಿನಲ್ಲಿರುವುದನ್ನು ಬಿಟ್ಟುಕೊಡದ, ಹೇಳಬೇಕಾದ್ದನ್ನೂ ಬೇಕೆಂದೇ ಮುಚ್ಚಿಡುವ ಸ್ವಭಾವ. ಹತ್ತು ಜನರನ್ನು ನಂಬಿ ಕೆಲಸ ತೆಗೆಸಬೇಕಾದ ಸೂಪರಿಂಟೆಂಡೆಂಟ್ ಕುರ್ಚಿಗೆ ಅಂಥವಳನ್ನು ಯಾರು ಕೂರಿಸುತ್ತಾರೆ?

ಅವಳಿಗೆ ಎಲ್ಲ ಅರ್ಥವಾಯಿತು. ಮೂಗರ್ಜಿಯವನ ಹೆಸರು ಹೇಳಲಿಲ್ಲವೆಂದು ಆತ ಮುಯ್ಯಿ ತೀರಿಸಿಕೊಳ್ಳುತ್ತಿದ್ದಾನೆ. ಗುಟ್ಟು ಕಾಯಲು ಇಟ್ಟುಕೊಂಡವಳನ್ನು ಗುಟ್ಟು ಕಾಯುತ್ತಾಳೆಂದೇ ತುಳಿಯುತ್ತಿದ್ದಾನೆ. ವರದಿಯಲ್ಲಿ ಕೆಟ್ಟದ್ದು ಬರೆದರೆ ನೌಕರನಿಗೆ ತಿಳಿಸಬೇಕೆಂಬ ನಿಯಮವಿದೆ, ಅದನ್ನೂ ತಿಳಿಸಲಿಲ್ಲ. ಕೇಳೋಣವೆಂದರೆ, ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ. ಕಾರ್ಬನ್ ನೋಡಿದೆ ಎಂದರೆ ಕೆಲಸವೇ ಹೋಗುತ್ತದೆ. ಬಾಯಿ ಬಿಡುವಂತಿಲ್ಲ, ನುಂಗುವಂತಿಲ್ಲ.

ಅವತ್ತು ಮೊದಲ ಬಾರಿ ಅವಳು ಕಚೇರಿಯ ಮಾತನ್ನು ಮನೆಗೆ ತಂದಳು. ನನಗೊಬ್ಬಳಿಗೇ ಹೇಳಿದಳು. ನಾನಾಗ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದೆ. "ಈ ಪದ ಒಳ್ಳೇದಾ ಕೆಟ್ಟದ್ದಾ, ಸರಿಯಾಗಿ ಹೇಳು" ಎಂದಳು. ಕೆಟ್ಟದ್ದೇ ಅತ್ತೆ ಎಂದೆ. "ಹಾಗಾದ್ರೆ ಒಳ್ಳೇದಕ್ಕೆ ಏನಂತಾರೆ?" ಡಿಸ್ಕ್ರೀಟ್ ಎಂದೆ. ಅವಳು ಅದನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. "ಇಷ್ಟೇ ವ್ಯತ್ಯಾಸ" ಎಂದಳು.

ಮಾರನೇ ದಿನವೇ ಒಂದು ನೋಟ್‌ಬುಕ್ ಕೊಂಡು ತಂದಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬುತ್ತಿ ಡಬ್ಬಿ ಒಂದು ಕೈಯಲ್ಲಿ, ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ಡಿಕ್ಷನರಿ ಇನ್ನೊಂದು ಕೈಯಲ್ಲಿ. ಮುಚ್ಚಿಟ್ಟದ್ದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆಯೋ ಅಷ್ಟನ್ನೂ ಹುಡುಕಿ ಬರೆದುಕೊಂಡಳು. ಅಕಾರಾದಿಯಾಗಿ ಬರೆಯಲಿಲ್ಲ, ಮೈಲಿಗೆಯ ಪ್ರಕಾರ ಬರೆದಳು. ಮೊದಲ ಪುಟದಲ್ಲಿ ಶುದ್ಧವಾದವು, ಹಿಂದೆ ಹಿಂದೆ ಹೋದಷ್ಟೂ ಕೊಳಕಾದವು. ಪ್ರತಿಯೊಂದರ ಎದುರಿಗೂ ಗೊತ್ತಿದ್ದವರ ಒಂದು ಉದಾಹರಣೆ. ಪ್ರೈವೇಟ್ ಎಂದರೆ ಸ್ನಾನಕ್ಕೆ ಬಾಗಿಲು ಹಾಕಿಕೊಂಡದ್ದು, ಒಳಗೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು, ಯಾರೂ ತಳ್ಳುವುದಿಲ್ಲ. ಕಾನ್ಫಿಡೆನ್ಶಿಯಲ್ ಎಂದರೆ ನಿನ್ನನ್ನು ನಂಬಿ ಕೊಟ್ಟದ್ದು. ಹಶ್-ಹಶ್ ಎಂದರೆ ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಪಿಸುಗುಡುವುದು, ಮೇಲಿನ ಮನೆಯ ಹುಡುಗಿ ಗಂಡನ ಮನೆಯಿಂದ ವಾಪಸು ಬಂದದ್ದು. ಕ್ಲಾಂಡೆಸ್ಟೈನ್ ಎಂದರೆ ನಾಲ್ಕು ಜನ ಮೊದಲೇ ಕೂತು ಸಂಚು ಮಾಡಿಕೊಂಡದ್ದು, ಪೈಪಿನ ಕಂಟ್ರಾಕ್ಟರುಗಳು. ಫರ್ಟಿವ್ ಕಳ್ಳನೋಟದ ಪದ, ಬಿಸ್ಕತ್ತಿನ ಕಣ್ಣು. ಸರೆಪ್ಟಿಶಸ್ ಎಂದರೆ ಸಿಕ್ಕಿಬಿದ್ದರೆ ಬೈಸಿಕೊಳ್ಳುತ್ತೇನೆಂದು ಗೊತ್ತಿದ್ದೂ ಕದ್ದು ಮಾಡುವುದು. ಎದುರಿಗೆ, ಅತ್ತಿಗೆ ಮತ್ತು ಸಕ್ಕರೆ ಡಬ್ಬಿ. ಡಾಕ್ಟರು ಬೇಡವೆಂದ ಮೇಲೂ ನಮ್ಮಮ್ಮ ಚಮಚದಲ್ಲಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಕೊನೆಯ ಪುಟದಲ್ಲಿ ಸೀಕ್ರೆಟಿವ್ ಇತ್ತು. ಅದರ ಎದುರಿಗೆ ಬರೆದದ್ದು ಒಂದೇ ಮಾತು, ನಾನು.

ಪದ ಕಲಿತರೆ ಸಿಟ್ಟು ಆರುತ್ತದೆಂದು ನಾನು ಅಂದುಕೊಂಡಿದ್ದೆ. ಆರಲಿಲ್ಲ, ಹರಿತವಾಯಿತು. ಮೊದಮೊದಲು ಅವಳು ಆತನನ್ನು ಸುಮ್ಮನೆ ಹಾಳಾದವನು ಎನ್ನುತ್ತಿದ್ದಳು. ಈಗ ಬಸ್ಸಿಗೆ ಕಾಯುತ್ತಾ ನಿಂತಾಗ, "ಹಾಳಾದವನು ಅಂದ್ರೆ ಸಾಲದು ಕಣೇ, ಆತನಿಗೆ ಅಂತಲೇ ಒಂದು ಪದ ಬೇಕು" ಎನ್ನುತ್ತಿದ್ದಳು. ಆತನ ಉಳಿದ ಮೂರು ವರ್ಷವೂ ಅವಳು ಕಾರ್ಬನ್ ನೋಡಿದಳು. ಮೂರು ವರ್ಷವೂ ಅದೇ ಪದ. ಆತ ನಿವೃತ್ತನಾದ ದಿನ ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಮನೆಗೆ ಬಂದು ಕೈ ತೊಳೆದುಕೊಂಡಳು.

ಆತ ಹೋದ ಮೇಲೂ ಕುರ್ಚಿ ಸಿಗಲಿಲ್ಲ. ಸಾಹೇಬ ಹೋದರೂ ಆತ ಬರೆದದ್ದು ಫೈಲಿನಲ್ಲಿ ಹೋಗದೆ ಕೂತಿತ್ತಲ್ಲ. ಅತ್ತೆ ಆ ಕೈಯಿಲ್ಲದ ಕುರ್ಚಿಯಲ್ಲೇ ಮುದುಕಿಯಾದಳು. ಆದರೆ ಅಷ್ಟರಲ್ಲಿ ಇಡೀ ಕಚೇರಿಯಲ್ಲಿ ಅವಳಷ್ಟು ಇಂಗ್ಲಿಷ್ ಬಲ್ಲವರು ಇನ್ನೊಬ್ಬರಿರಲಿಲ್ಲ. ಉಳಿದ ಕಡೆ ಕಂಪ್ಯೂಟರ್ ಬಂದಿದ್ದರೂ ಅವಳ ಕೋಣೆಯಲ್ಲಿ ಟೈಪ್‌ರೈಟರೇ ಇತ್ತು, ಕಂಪ್ಯೂಟರಿನಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಮೇಲಿನವರ ನಂಬಿಕೆ. ಹೊಸ ಸಾಹೇಬರು ಅವಳು ಟೈಪ್ ಮಾಡಿಕೊಟ್ಟದ್ದನ್ನು ಓದದೆ ಸಹಿ ಹಾಕುತ್ತಿದ್ದರು. ಬೀಗದಮ್ಮನ ಕಾಗದವನ್ನು ಓದಿ ನೋಡುವುದು ಅವಳಿಗೆ ಮಾಡುವ ಅವಮಾನ ಎಂದು ಅಲ್ಲಿ ಎಲ್ಲರ ಭಾವನೆ.

ಅವಳ ನೌಕರಿಯ ಕೊನೆಯ ವರ್ಷ. ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೋಗಲು ನಾನು ಕಚೇರಿಗೆ ಹೋಗಿದ್ದೆ. ನಾನಾಗ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಮ್ಮ. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಹಸಿರಿಂಕು. ನಾಲ್ಕು ವರ್ಷದಲ್ಲಿ ಆತ ಒಂದು ಸುತ್ತು ಸಣ್ಣಗಾಗಿದ್ದ. ಅಂಗಿ ಮಾತ್ರ ಹಳೇ ಅಳತೆಯದೇ.

"ಹೇಗಿದೀರಾ ಟೈಪಿಸ್ಟಮ್ಮ?"

"ಕೂತ್ಕೊಳ್ಳಿ ಸಾರ್" ಎಂದಳು ಅತ್ತೆ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಹತ್ತಿರ ನಿಂತೆ.

"ಒಂದು ಆಸ್ಪತ್ರೇಲಿ ರೆಕಾರ್ಡ್ ರೂಮ್ ನೋಡ್ಕೊಳ್ಳೋಕೆ ರಿಟೈರ್ ಆದವರು ಬೇಕಂತೆ. ರೋಗಿಗಳ ಫೈಲು. ಗುಟ್ಟು ಕಾಯೋರೇ ಬೇಕು ಅಂತಿದಾರೆ. ಇಲ್ಲಿಂದ ಒಂದು ಲೆಟರ್ ಸಿಕ್ಕಿದ್ರೆ ಆಯ್ತು. ನಿಮ್ಮ ಸಾಹೇಬರನ್ನ ಕೇಳ್ದೆ, ಬೀಗ... ನಿಮ್ಮ ಕೈಲಿ ಬರೆಸಿಕೊಳ್ಳಿ, ಸಹಿ ಹಾಕ್ತೀನಿ ಅಂದ್ರು."

"ಈ ವಯಸ್ಸಲ್ಲಿ ಯಾಕೆ ಸಾರ್ ಕೆಲಸ?"

ಆತ ಮಂಡಿ ಸವರಿಕೊಂಡ. "ಮನೇಲಿ ಕೂತು ಕೂತು ಸಾಕಾಗಿದೆ ಅಮ್ಮ. ನಾನು ಕೂತಿರೋ ಕೋಣೆಗೆ ಸೊಸೆ ಬಂದು ಫ್ಯಾನ್ ಆರಿಸಿ ಹೋಗ್ತಾಳೆ. ಕೇಳಿದ್ರೆ, ಇಲ್ಲಿ ನೀವಿದೀರಾ ಅಂತ ಗೊತ್ತಾಗ್ಲಿಲ್ಲ ಮಾವ ಅಂತಾಳೆ. ಬೆಳಗ್ಗೆ ಎದ್ದು ಹೋಗೋಕೆ ಒಂದು ಜಾಗ ಬೇಕು, ಅಷ್ಟೆ."

ಈ ಫ್ಯಾನಿನ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು, ಇಲ್ಲವೆನ್ನುವುದಿಲ್ಲ. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಾಳೆ ಏರಿಸಿ ಟೈಪ್ ಮಾಡತೊಡಗಿದಳು. ನಾನು ಅವಳ ಹೆಗಲ ಮೇಲಿಂದ ಓದುತ್ತಿದ್ದೆ. ಸಮಯಪಾಲನೆ, ಅನುಭವ, ಹಿರಿತನ, ಎಲ್ಲ ಸರಿಯಾಗಿತ್ತು. ನಾಲ್ಕನೇ ಸಾಲಿಗೆ ಬಂದಾಗ ಅವಳ ಬೆರಳುಗಳು ಒಂದು ಗಳಿಗೆ ನಿಂತವು. ಆಮೇಲೆ ಬಿದ್ದವು. ಕಚೇರಿಯ ಎಲ್ಲ ಗೋಪ್ಯ ಕಾಗದಪತ್ರಗಳನ್ನೂ ಇವರು ಸರೆಪ್ಟಿಶಸ್ ಆಗಿ ನಿರ್ವಹಿಸಿದ್ದಾರೆ.

ಅತ್ತೆ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ಹದಿನೈದು ವರ್ಷ ಇತ್ತು. ನಾನು ಬಾಯಿ ಮುಚ್ಚಿಕೊಂಡೆ. ಹೇಳಿದೆನಲ್ಲ, ನಾನು ಅವಳ ಕಡೆಯವಳು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಪಕ್ಕದ ಕೋಣೆಯ ಸಾಹೇಬರು ನಿಂತಲ್ಲೇ ಸಹಿ ಹಾಕಿದರು. ಹಸಿರಿಂಕು ಬೆರಳಿಟ್ಟು ಓದಿದ. "ಸರೆ... ಸರೆಪ್ಟಿ... ಇದೇನಮ್ಮ?"

"ಸರೆಪ್ಟಿಶಸ್ ಸಾರ್."

"ಅರ್ಥ?"

"ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಕೆಲಸ ಮಾಡೋರು ಅಂತ." ಸುಳ್ಳು ಹೇಳಲಿಲ್ಲ. ಡಿಕ್ಷನರಿಯ ಮೊದಲರ್ಧ ಅಷ್ಟೇ.

ಆತನ ಮುಖ ಅರಳಿತು. "ಇಷ್ಟು ದೊಡ್ಡ ಪದ ನನ್ನ ಬಗ್ಗೆ ಯಾರೂ ಬರೆದಿರಲಿಲ್ಲ. ಇಂಗ್ಲಿಷಲ್ಲಿ ನಂದೇನಿದ್ರೂ ಹತ್ತಿಪ್ಪತ್ತು ಪದ. ಆದ್ರೂ ನಿಮಗೆ ನಾನು ಇದ್ದಿದ್ರಲ್ಲೇ ಒಳ್ಳೇ ಪದ ಹುಡುಕಿ ಬರೆದಿದ್ದೆ. ಈಗ ಹೇಳಿದ್ರೆ ತಪ್ಪಿಲ್ಲ ಬಿಡಿ, ನಾನೂ ರಿಟೈರು, ನೀವೂ ಇನ್ನೇನು ರಿಟೈರು. ನಿಮ್ಮ ಸಿ.ಆರ್.ನಲ್ಲಿ ಹನ್ನೊಂದು ವರ್ಷವೂ ನಾನು ಒಂದೇ ಪದ ಬರೆದೆ. ಸೀಕ್ರೆಟಿವ್."

ಆತ ಕಾಗದವನ್ನು ಇನ್ನೊಮ್ಮೆ ನೋಡಿಕೊಂಡು ನಕ್ಕ.

"ಗುಟ್ಟು ಕಾಯುವವಳು ಅಂತ. ಸೆಕ್ರೆಟರಿ ಕೆಲಸಕ್ಕೆ ತಕ್ಕ ಪದ. ಆ ಮೂಗರ್ಜಿ ಬಂದಾಗ ನಾನು ಅಷ್ಟು ಕೇಳಿದ್ರೂ ನೀವು ಬಾಯಿ ಬಿಡ್ಲಿಲ್ಲ ನೋಡಿ, ಅವತ್ತೇ ಅಂದ್ಕೊಂಡೆ, ಈಯಮ್ಮನ ಹತ್ರ ನನ್ನ ಗುಟ್ಟೂ ಭದ್ರ ಅಂತ. ಬೇರೆಯವರಿಗೆಲ್ಲ ಗುಡ್, ಸ್ಯಾಟಿಸ್‌ಫ್ಯಾಕ್ಟರಿ. ನಿಮಗೊಬ್ಬರಿಗೇ ವಿಶೇಷ ಪದ. ಅದಕ್ಕೇ ನಿಮ್ಮ ಕೈಲಿ ಟೈಪ್ ಮಾಡಿಸದೆ ನಾನೇ ಕುಟ್ತಿದ್ದೆ. ಮೇಲಿನವರು ನಿಮಗೆ ಯಾಕೆ ಬಡ್ತಿ ಕೊಡ್ಲಿಲ್ಲವೋ, ನನಗಂತೂ ಇವತ್ತಿಗೂ ತಿಳೀಲಿಲ್ಲ. ಬೇಜಾರಾಗುತ್ತೆ."

ಅತ್ತೆ ಎರಡು ಕೈಯನ್ನೂ ಮಿಷಿನ್ನಿನ ಮೇಲೆ ಇಟ್ಟುಕೊಂಡು ಕೂತಿದ್ದಳು. "ಹೌದಾ ಸಾರ್" ಎಂದಳು.

"ಬರ್ತೀನಮ್ಮ. ಈ ಉಪಕಾರ ಮರೆಯಲ್ಲ."

ಆತ ಕಾಗದವನ್ನು ಜೋಪಾನವಾಗಿ ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ ಎದ್ದ. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಮಂಡಿ ನೋವಿನ ಮುದುಕ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿಯುತ್ತಿದ್ದ ಸದ್ದು ಕೇಳುತ್ತಿತ್ತು. ಕರೆಯಲು ಬೇಕಾದಷ್ಟು ಸಮಯವಿತ್ತು. ಒಂದು ಪದ ಬದಲಾಯಿಸಿದರೆ ಸಾಕು, ಐದು ನಿಮಿಷದ ಕೆಲಸ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

"ಕೂತ್ಕೋ" ಎಂದಳು ಅತ್ತೆ.

"ಅತ್ತೆ, ಆತ ಒಳ್ಳೇದು ಅಂದ್ಕೊಂಡು ಬರೆದಿದಾನೆ."

"ಕೇಳಿಸ್ತು. ಕೂತ್ಕೋ."

ಕೂತೆ. ಮೆಟ್ಟಿಲ ಸದ್ದು ನಿಂತಿತು. ಕೆಳಗೆ ಗೇಟು ಕಿರುಗುಟ್ಟಿತು. ಆಮೇಲೆ ಅತ್ತೆ ಮಾತಾಡಿದಳು, ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

"ಕೆಟ್ಟವನಾಗಿದ್ರೆ ಪರವಾಗಿರಲಿಲ್ಲ ಕಣೇ. ಆತ ಕೆಟ್ಟವನು, ನಾನು ಬಗ್ಗದೆ ಇದ್ದೆ, ಅದಕ್ಕೆ ತುಳಿದ ಅಂತ ಇಷ್ಟು ವರ್ಷ ಧೈರ್ಯವಾಗಿದ್ದೆ. ಅದರಲ್ಲಿ ಒಂದು ಮರ್ಯಾದೆ ಇತ್ತು. ಈಗ ನೋಡಿದ್ರೆ ಆತ ನನ್ನ ಬೆನ್ನು ತಟ್ಟಿದ್ದನಂತೆ. ದಡ್ಡತನಕ್ಕೆ ನನ್ನ ಕುರ್ಚಿ ಹೋಯ್ತು. ಡಿಕ್ಷನರಿ ಆತನ ಮೇಜಿನ ಮೇಲೇ ಇತ್ತು. ಹನ್ನೊಂದು ವರ್ಷ. ಕಾಗದ ಹಾರದಿರಲಿ ಅಂತ ಇಟ್ಟಿದ್ದ. ಒಂದು ಸಲ, ಒಂದೇ ಒಂದು ಸಲ ಎತ್ತಿ ನೋಡಿದ್ರೆ ಏನು ಹೋಗ್ತಿತ್ತು? ಜೀಪ್ ಹತ್ತೋಕೆ ಪುರುಸೊತ್ತಿತ್ತು, ನನ್ನ ಹೆಸರಿನ ಮುಂದೆ ಬರೆಯೋ ಪದ ನೋಡೋಕೆ ಇರಲಿಲ್ಲ. ದ್ವೇಷ ಮಾಡೋಕಾದ್ರೂ ನನ್ನ ಬಗ್ಗೆ ಯೋಚಿಸಿರ್ತಾನೆ ಅಂದ್ಕೊಂಡಿದ್ದೆ. ಯೋಚಿಸೇ ಇಲ್ಲ."

ಅವಳು ಅತ್ತಳೆಂದು ನೀವು ಅಂದುಕೊಂಡಿರಬಹುದು. ಇಲ್ಲ. ಮಿಷಿನ್ನಿಗೆ ಮುಸುಕು ಹಾಕಿ, ಆ ದಿನದ ಕಾರ್ಬನ್ನನ್ನು ಡಬ್ಬದಲ್ಲಿ ಸುಟ್ಟು, ಬೂದಿಯನ್ನು ಕಡ್ಡಿಯಿಂದ ಕೆದಕಿ ಪುಡಿ ಮಾಡಿ, ಬೀರುವಿನ ಬೀಗ ಎರಡು ಸಲ ಎಳೆದು ನೋಡಿ, ನನ್ನ ಜೊತೆ ಬಸ್ಸಿಗೆ ಬಂದಳು.

ಆಸ್ಪತ್ರೆಯ ಕೆಲಸ ಸಿಗಲಿಲ್ಲ. ಆತ ಎರಡು ತಿಂಗಳಿಗೆ ಮತ್ತೆ ಬಂದ, ಅತ್ತೆಯೇ ಮನೆಗೆ ಬಂದು ಹೇಳಿದಳು. ಲೆಟರ್ ಓದಿ ಅವರು ತಮ್ಮ ತಮ್ಮಲ್ಲೇ ಮುಖ ನೋಡಿಕೊಂಡರಂತೆ, ತಿಳಿಸ್ತೀವಿ ಅಂದರಂತೆ, ತಿಳಿಸಲಿಲ್ಲವಂತೆ. ಈಗ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಒಬ್ಬರು ಬೇಕಂತೆ. ಹಳೇ ಲೆಟರಿನ ತಾರೀಖು ಹಳತಾಯಿತು, ಹೊಸ ತಾರೀಖು ಹಾಕಿಕೊಡಿ ಎಂದನಂತೆ. "ಆ ದೊಡ್ಡ ಪದ ಮಾತ್ರ ಹಾಗೇ ಇರಲಿ ಅಮ್ಮ" ಎಂದನಂತೆ.

"ಹಾಕಿಕೊಟ್ಯಾ?"

"ಕೇಳಿದ್ರು, ಕೊಟ್ಟೆ."

ಪ್ರೆಸ್ಸಿನವರೂ ಬೇಡವೆಂದರು. ಮೂರನೇ ಸಲ ಒಂದು ಬ್ಯಾಂಕಿನ ಲಾಕರ್ ಕೋಣೆಗೆ. ಅಲ್ಲಿನವರು ಬಾಗಿಲಿನಿಂದಲೇ ಕಳಿಸಿದರಂತೆ. ನನ್ನ ಶಾಲೆಯಲ್ಲಿ ಮಕ್ಕಳಿಗೆ ಪದಗಳ ಅರ್ಥ ಬರೆಸುವಾಗ ನನಗೆ ಆತನ ಪ್ಲಾಸ್ಟಿಕ್ ಹೊದಿಕೆ ನೆನಪಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು: ಈಗಲಾದರೂ ಒಂದು ಡಿಕ್ಷನರಿ ತೆಗೆದು ನೋಡಬಾರದೇ ಈತ. ತನ್ನ ಹೊಟ್ಟೆಪಾಡಿನ ಪದವನ್ನೂ ನೋಡದವನು ಅತ್ತೆಯ ಪದವನ್ನು ನೋಡಿಯಾನೇ?

ನಾಲ್ಕನೇ ಸಲ ಬಂದಾಗ ಅತ್ತೆಯ ನೌಕರಿ ಮುಗಿಯಲು ನಾಲ್ಕು ದಿನ ಉಳಿದಿತ್ತು. ಅವತ್ತೂ ಶನಿವಾರ, ನಾನು ಅಲ್ಲೇ ಇದ್ದೆ. ಈ ಸಲ ಯಾರೋ ವಕೀಲರ ಕಚೇರಿ. ಮೆಟ್ಟಿಲು ಹತ್ತಿದ ಸುಸ್ತಿಗೆ ಆತನಿಗೆ ಮಾತಾಡಲು ಆಗುತ್ತಿರಲಿಲ್ಲ. ನಾನೇ ಎದ್ದು ಫ್ಯಾನ್ ಜೋರು ಮಾಡಿದೆ. "ಮನೇಲಿ ಹೇಗಿದೆ ಸಾರ್?" ಎಂದು ಕೇಳಿಯೂ ಬಿಟ್ಟೆ. ಆತ ನಕ್ಕು ಕೈಯಾಡಿಸಿದ. ಅತ್ತೆ ಏನೂ ಕೇಳದೆಯೇ ಹಾಳೆ ಏರಿಸಿದಳು. ಅದೇ ಒಕ್ಕಣೆ, ಅದೇ ನಾಲ್ಕನೇ ಸಾಲು, ಒಂದು ಅಕ್ಷರವೂ ಸಾಲು ಬಿಟ್ಟು ಕೂರಲಿಲ್ಲ. ಈ ಸಲ ಬೆರಳು ನಿಲ್ಲಲೂ ಇಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಸಾಕಲ್ವಾ ಅತ್ತೆ? ನಾಲ್ಕು ಸಲ ಆಯ್ತು. ಆತನ ಮುಖ ನೋಡಿದ್ಯಾ ನೀನು?"

ಅತ್ತೆ ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು ಮುಚ್ಚಳ ಬಿಗಿ ಮಾಡಿದಳು.

"ಆತ ಹನ್ನೊಂದು ಸಲ ಬರೆದ" ಎಂದಳು. "ನನಗೆ ನಾಲ್ಕಕ್ಕೇ ರಿಟೈರ್ ಮಾಡಿಬಿಟ್ರು."